ಮರಿಗಳ ಊಟಕ್ಕೆ ಒಂಚೂರು ಮಸಾಲಿ

ಜವಾರಿ ಹ್ಯಾಟಿ (ಹೆಣ್ಣು ಕೋಳಿ) 21 ದಿನ ಕಾವು ಕೂತು ಮರಿ ಮಾಡಿತೆಂದರೆ ಹೆಬ್ಬಳ್ಳಿಯ ನಮ್ಮ ಹಿತ್ತಲಿನಲ್ಲಿ ನನ್ನ ಓಡಾಟ ಹೆಚ್ಚುತ್ತದೆ. ಹೊಟ್ಟೆಯೊಳಗೆ ಉಳಿದ ತತ್ತಿಯ ಹಳದಿಯೇ ಮರಿಗೆ ಎರಡು ದಿನದ ಬುತ್ತಿ. ಹಾಗಾಗಿ ಅದಕ್ಕೆ ಅವಸರವಿಲ್ಲ, ಅವಸರವೆಲ್ಲ ನನ್ನದು.

ಜೋಳದ ನುಚ್ಚು ಸಣ್ಣಗೆ ಒಡೆಸುತ್ತೇನೆ. ನೆರಳಲ್ಲಿ ಒಣಗಿಸಿದ ನುಗ್ಗಿ ತಪ್ಪಲನ್ನು ಅಂಗೈಯಲ್ಲಿ ತಿಕ್ಕಿದರೆ ಹಸಿರು ಪುಡಿ ಉದುರುತ್ತದೆ, ಕಡ್ಡಿ ಕೈಯಲ್ಲೇ ಉಳಿಯುತ್ತದೆ. ಅದಕ್ಕೆ ಚಿಟಿಕೆ ಅರಿಷಿಣ, ಜಜ್ಜಿದ ಬಳ್ಳೊಳ್ಳಿಯ ಒಂದೆರಡು ಎಸಳು. ಕಲಸುವಾಗ ಏಳುವ ಘಾಟಿಗೆ ಓಣಿಯ ಅಜ್ಜಿಯೊಬ್ಬರು ಇಣುಕಿ, ‘ಯಾಕೋ ತಮ್ಮಾ, ಬೀಗರು ಬರಾವ್ರದಾರೇನ?’ ಅಂದದ್ದುಂಟು.

ಪ್ರೋಟೀನಿಗೆ ಶೇಂಗಾ ಹಿಂಡಿಯೂ ಬೇಕು. ಆದರೆ ಬೂಷ್ಟಿನ ವಾಸನೆ ಬಂದ ಹಿಂಡಿ ನನ್ನ ಬುಟ್ಟಿಗೆ ಬೀಳುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲಿನಿಂದ ಬಂದ ಅಂಥ ಹಿಂಡಿ ತಿಂದೇ. ಅಫ್ಲಾಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದದ್ದು ಆ ಸಾವುಗಳಿಂದ.

ದಪ್ಪ ಬೆಳೆಯಲೆಂದು ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿನವರು 2006ರಲ್ಲಿ ಪೂರ್ತಿ ನಿಲ್ಲಿಸಿದರು. ನಮ್ಮಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ನಿಷೇಧವಾದದ್ದು 2019ರಲ್ಲಿ. ಅವುಗಳ ಬದಲಿಗೆ ಈಗ ಮೇವಿನ ಕಂಪನಿಗಳು ಓರೆಗಾನೊ ಎಣ್ಣೆಯ ಹಿಂದೆ ಬಿದ್ದಿವೆ. ಅದರಲ್ಲಿರುವ ಥೈಮಾಲ್ ನಮ್ಮ ಓಂಕಾಳಿನಲ್ಲೂ ಧಾರಾಳವಾಗಿದೆ. ಇದು ಗೊತ್ತಾದಾಗಿನಿಂದ ನನ್ನ ನುಚ್ಚಿಗೆ ಓಂಕಾಳೂ ಸೇರಿತು, ಮೂಗಿಗೆ ಹಿತವೆನಿಸುವಷ್ಟು ಮಾತ್ರ. ಘಾಟು ಜಾಸ್ತಿಯಾದರೆ ಮರಿಗಳು ಕೊಕ್ಕು ಒರೆಸಿಕೊಂಡು ದೂರ ಸರಿಯುತ್ತವೆ. ಅವುಗಳ ನಾಲಿಗೆಯನ್ನು ಹಗುರಾಗಿ ತಗೊಳ್ಳಬಾರದು.

ಅರಿಷಿಣ ತಿನ್ನಿಸಿದರೆ ಯಾವ ರೋಗವೂ ಸುಳಿಯದು ಎನ್ನುವವರ ಜೊತೆ ಮಾತ್ರ ನನ್ನದು ಜಗಳವೇ. ಕೊಕ್ಕರೆ ರೋಗ ಬಂದರೆ ಬಳ್ಳೊಳ್ಳಿ ಏನೂ ಮಾಡಲಾರದು. ಅದನ್ನು ತಡೆಯಲು ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಲಸೋಟಾ ಲಸಿಕೆಯ ಹನಿ ಬೀಳಬೇಕು. ಮಸಾಲಿ ಊಟಕ್ಕೆ ರುಚಿ, ಹೊಟ್ಟೆಗೆ ಹಿತ, ಅಷ್ಟೇ. ಮೊದಲ ವಾರ ಮರಿಗಳಿಗೆ ಬೇಕಾದ 35 ಡಿಗ್ರಿ ಸೆಲ್ಸಿಯಸ್ ಬಿಸುಪನ್ನು ಹ್ಯಾಟಿಯೇ ರೆಕ್ಕೆ ಹರವಿ ನೋಡಿಕೊಳ್ಳುತ್ತದೆ. ಅದರ ಉಸಾಬರಿ ನನಗಿಲ್ಲ.

ಇಷ್ಟೆಲ್ಲ ಕಲಸಿಟ್ಟರೂ ಮರಿಗಳಿಗೆ ಖರೇ ಹಬ್ಬವೆಂದರೆ ಗೆದ್ದಲು. ಹಳೇ ಗಡಿಗೆಗೆ ಒಣ ಸಗಣಿ, ಹರಕು ಗೋಣಿತಟ್ಟು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಬದುವಿನಲ್ಲಿ ಸಂಜೆ ಬೋರಲು ಹಾಕುತ್ತೇನೆ. ಬೆಳಿಗ್ಗೆ ತಂದು ಝಾಡಿಸುವುದೇ ತಡ, ಹ್ಯಾಟಿ ‘ಕೊಕ್ ಕೊಕ್’ ಎಂದು ಕರೆಯುತ್ತದೆ. ನುಚ್ಚು, ತಪ್ಪಲ, ಓಂಕಾಳು ಎಲ್ಲ ಬಿಟ್ಟು ಮರಿಗಳು ಅತ್ತ ಓಡುತ್ತವೆ. ಇನ್ನೆರಡು ಗಡಿಗೆ ಹುಡುಕಬೇಕು.