ಹುಳು ಸೊಪ್ಪು ತಿನ್ನುತ್ತೆ, ಈಗ ತಿನ್ತಾ ಇಲ್ಲ

ಮಗು ಇಂಗ್ಲಿಷ್ ಪುಸ್ತಕ ಹಿಡಿದು ಬಂದ ಕೂಡಲೇ "ಅಪ್ಪ ಬರಲಿ, ಕೇಳು" ಎಂದು ಒಲೆಯ ಕಡೆ ತಿರುಗುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. ಅದೇ ವರ್ಷ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಯಿತು. ಕನ್ನಡ ಶಾಲೆಯಲ್ಲಿ ಓದಿದ ನಮಗೋ, ಐದನೇ ತರಗತಿಗೆ ಬಂದ ಮೇಲೆ ಎ, ಬಿ, ಸಿ, ಡಿ. ಹೀಗಾಗಿ ಆರು ವರ್ಷದ ಕೂಸಿನ ಪ್ರಶ್ನೆಗೂ ಹಿಂಜರಿಯುತ್ತೇವೆ. ನಾಲ್ಕು ಸಲ ಹೀಗಾದರೆ ಮಗು ನಮ್ಮನ್ನು ಕೇಳುವುದನ್ನೇ ಬಿಟ್ಟುಬಿಡುತ್ತದೆ. ಟ್ಯೂಷನ್ನಿಗೆ ಕೊಡುವ ದುಡ್ಡಿಗಿಂತ ಇದು ದೊಡ್ಡ ನಷ್ಟ, ಅಲ್ಲವೇ?

ಆದರೆ ಸೋದರಿಯರೇ, ಇಂಗ್ಲಿಷಿನ ವರ್ತಮಾನ ಕಾಲ ನಾವು ಅಂದುಕೊಂಡಷ್ಟು ದೊಡ್ಡ ಭೂತವೇನಲ್ಲ. ಅದರ ಅರ್ಧ ವ್ಯಾಕರಣ ನಮ್ಮ ನಾಲಿಗೆಯ ಮೇಲೆ ಆಗಲೇ ಇದೆ.

ನನ್ನ ತವರು ಕನಕಪುರದ ಕಡೆ, ಹುಳು ಸಾಕುವ ಮನೆ. ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಹಳೆಯ ಚರ್ಮ ಕಳಚುತ್ತದೆ. ಆಗ ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಯಾರಾದರೂ "ಹುಳು ಏನು ತಿನ್ನುತ್ತೆ?" ಎಂದು ಕೇಳಿದರೆ "ಹಿಪ್ಪುನೇರಳೆ ಸೊಪ್ಪು ತಿನ್ನುತ್ತೆ" ಅನ್ನುತ್ತೇವೆ. "ಈಗ ತಿನ್ತಾ ಇದೆಯಾ?" ಎಂದರೆ "ಇಲ್ಲ, ಜ್ವರಕ್ಕೆ ಕೂತಿದೆ" ಅನ್ನುತ್ತೇವೆ. ಎರಡೂ ನಿಜ. ಇಂಗ್ಲಿಷಿನಲ್ಲೂ ಇಷ್ಟೇ ನೋಡಿ. ಯಾವಾಗಲೂ ನಡೆಯುವುದಕ್ಕೆ "ಈಟ್ಸ್". ಈ ಗಳಿಗೆಯಲ್ಲಿ ನಡೆಯುತ್ತಿರುವುದಕ್ಕೆ "ಈಸ್ ಈಟಿಂಗ್". ರಾಮನಗರದ ಮಾರುಕಟ್ಟೆಗೆ ದಿನಾ ರೈತರು ಗೂಡು ತರುತ್ತಾರೆ ಎನ್ನುವುದಕ್ಕೆ "ಆರ್ ಬ್ರಿಂಗಿಂಗ್" ಬೇಡ, "ಬ್ರಿಂಗ್" ಸಾಕು.

ಇನ್ನು "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್", "ಐ ಆಮ್ ನೋಯಿಂಗ್" ಎಂಬ ಮಾತುಗಳನ್ನು ನೀವೂ ಕೇಳಿರುತ್ತೀರಿ. ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. ನನಗೆ ಇಬ್ಬರು ಮಕ್ಕಳಿದ್ದಾರೆ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ಎಲ್ಲಾದರೂ "ತಾ ಇದೆ" ಬಂತೇ? ಬರಲಿಲ್ಲ. ಏಕೆಂದರೆ ಇವು ಮಾಡುವ ಕೆಲಸವಲ್ಲ, ಇರುವ ಸ್ಥಿತಿ. ಹಾಗೆಯೇ ಹ್ಯಾವ್, ನೋ, ವಾಂಟ್, ಲೈಕ್ ಇವಕ್ಕೆ ಸಾಮಾನ್ಯವಾಗಿ "ಇಂಗ್" ಹಚ್ಚಬಾರದು. "ಐ ಹ್ಯಾವ್ ಟೂ ಚಿಲ್ಡ್ರನ್", "ಐ ನೋ" ಎಂದರೆ ಮುಗಿಯಿತು. ಆದರೆ "ಐ ಆಮ್ ಹ್ಯಾವಿಂಗ್ ಕಾಫಿ" ಸರಿಯೇ. ಅಲ್ಲಿ ಹ್ಯಾವ್ ಎಂದರೆ ಕುಡಿಯುವುದು, ಅದು ಕೆಲಸ ತಾನೇ?

ಉಳಿದದ್ದು "ಎಸ್"ನ ಕಾಟ. ಕನ್ನಡದಲ್ಲಿ ಮಾಡ್ತೀನಿ, ಮಾಡ್ತೀಯ, ಮಾಡ್ತಾನೆ, ಮಾಡ್ತಾಳೆ, ಮಾಡುತ್ತೆ, ಮಾಡ್ತಾರೆ ಎಂದು ಒಬ್ಬೊಬ್ಬರಿಗೆ ಒಂದೊಂದು ರೂಪ. ಇಷ್ಟನ್ನೂ ಕಣ್ಣು ಮುಚ್ಚಿ ಆಡುವ ನಮಗೆ ಇಂಗ್ಲಿಷಿನ ಒಂದು ಎಸ್ ಕಷ್ಟವೇ? ಅವನು, ಅವಳು, ಅದು ಎಂದಾಗ ಮಾತ್ರ "ಮೇಕ್ಸ್". ಮಿಕ್ಕವರಿಗೆಲ್ಲ "ಮೇಕ್". ಒಂದೇ ಒಂದು ಎಚ್ಚರ ಬೇಕು. ಚನ್ನಪಟ್ಟಣದ ಹಿರಿಯರೊಬ್ಬರು ಗೊಂಬೆ "ಮಾಡ್ತಾರೆ" ಎಂದು ಮರ್ಯಾದೆಗೆ ನಾವು ಬಹುವಚನ ಹಚ್ಚುತ್ತೇವೆ. ಇಂಗ್ಲಿಷಿನವರಿಗೆ ಅದಿಲ್ಲ, "ಹಿ ಮೇಕ್ಸ್ ಟಾಯ್ಸ್" ಎನ್ನಬೇಕು. ಮಾಗಡಿಯಿಂದ ಪ್ರತಿ ಹಬ್ಬಕ್ಕೂ ಅತ್ತೆಯವರು ಬರುತ್ತಾರೆ ಎನ್ನುವಾಗಲೂ "ಶಿ ಕಮ್ಸ್". ಎಸ್ ಹಾಕಿದ ಮಾತ್ರಕ್ಕೆ ಅತ್ತೆಯವರ ಗೌರವ ಕಡಿಮೆಯಾಗದು! ಬರುವುದಿಲ್ಲ ಎನ್ನುವಾಗ ಆ ಎಸ್ ಎದ್ದು ಹೋಗಿ "ಡಸ್" ಒಳಗೆ ಕೂರುತ್ತದೆ. "ಶಿ ಡಸ್ ನಾಟ್ ಕಮ್" ಅಷ್ಟೇ, "ಕಮ್ಸ್" ಅಲ್ಲ.

ಇದಕ್ಕೆಂದು ಬೇರೆ ಹೊತ್ತು ಹುಡುಕಬೇಕಿಲ್ಲ. ಸಂಜೆ ಅವರೆಕಾಯಿ ಸುಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಅಮ್ಮ ದಿನಾ ಏನು ಮಾಡ್ತಾಳೆ? ಈಗ ಏನು ಮಾಡ್ತಾ ಇದ್ದಾಳೆ?" ಎಂದು ಕೇಳಿ, ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಹೇಳಿಸಿ. ಹತ್ತು ನಿಮಿಷ ಸಾಕು. ಮರುದಿನ ಅದೇ ಮಗು ಪುಸ್ತಕ ಹಿಡಿದು ಮೊದಲು ನಿಮ್ಮ ಹತ್ತಿರವೇ ಬಂದೀತು. ನಮಗೆ ಬೇಕಾದದ್ದೂ ಅದೇ ಅಲ್ಲವೇ?