ಗುಜರಿ ಟ್ರಕ್ಕಿನೊಳಗಿನ ಭೌತಶಾಸ್ತ್ರ

ಅಮೆರಿಕಕ್ಕೆ ಹೋಗಿ ಬಂದವರನ್ನು ‘ನಯಾಗರ ನೋಡಿದಿರಾ?’ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. 2019ರ ಬೇಸಿಗೆ ರಜೆಯಲ್ಲಿ ಆರು ವಾರ ಕ್ಯಾಲಿಫೋರ್ನಿಯಾದ ತಮ್ಮನ ಮನೆಯಲ್ಲಿದ್ದು ಬಂದ ನನಗೂ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ತಪ್ಪಲಿಲ್ಲ. ನಯಾಗರ ಇರುವುದು ಆ ದೇಶದ ಇನ್ನೊಂದು ತುದಿಯಲ್ಲಿ. ನಾನು ಅಲ್ಲಿ ಅತಿ ಹೆಚ್ಚು ಹೊತ್ತು ನೋಡಿದ್ದು ತಮ್ಮನ ಪಕ್ಕದ ಮನೆಯ ಗ್ಯಾರೇಜನ್ನು!

ಆ ಮನೆಯ ಯಜಮಾನರು ಲೇತ್ ಕೆಲಸದಿಂದ ನಿವೃತ್ತರಾದ ಹಿರಿಯರು. ಹಳೆಯ ಪಿಕಪ್ ಟ್ರಕ್ಕೊಂದರ ತುಕ್ಕು ಹಿಡಿದ ಕ್ಯಾಬಿನ್ ತಂದಿಟ್ಟುಕೊಂಡು, ಅದರ ಅಡಿಗೆ ಹೊಸ ಚಾಸಿಯನ್ನು ತಾವೇ ಕಟ್ಟುತ್ತಿದ್ದರು. ಇಂಥ ವಾಹನಕ್ಕೆ ಅಲ್ಲಿ ‘ರ‍್ಯಾಟ್ ರಾಡ್’ ಎಂದು ಹೆಸರು. ನಮ್ಮ ಗಣಪನಿಗೆ ಇಲಿ ವಾಹನವಾದರೆ ಇವರಿಗೆ ವಾಹನವೇ ಇಲಿ. ಬಣ್ಣವಿಲ್ಲ, ಹೊಳಪಿಲ್ಲ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು.

ಇದರ ಬೇರು ಹಳೆಯದು. ಹೆನ್ರಿ ಫೋರ್ಡನ ‘ಮಾಡೆಲ್ ಟಿ’ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾಯಿತು. ಆ ಕಾರುಗಳು ಹಳತಾಗಿ ಅಗ್ಗದಲ್ಲಿ ಸಿಗತೊಡಗಿದಾಗ ಕ್ಯಾಲಿಫೋರ್ನಿಯಾದ ಹುಡುಗರು ಅವುಗಳ ಮಡ್‌ಗಾರ್ಡು, ಬಾನೆಟ್ಟು ಕಿತ್ತು ಹಗುರ ಮಾಡಿ, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಇದಕ್ಕೆಂದೇ ಒಂದು ಸಂಘವೂ ಹುಟ್ಟಿತು. ಅವೇ ‘ಹಾಟ್ ರಾಡ್’ಗಳು. ಬರಬರುತ್ತಾ ಅವು ದುಬಾರಿ ಬಣ್ಣ ಬಳಿದುಕೊಂಡು ಪ್ರದರ್ಶನದ ಬೊಂಬೆಗಳಾದಾಗ, ಕೈಯಲ್ಲಿ ಕಾಸಿಲ್ಲದವರು ಗುಜರಿಯಿಂದಲೇ ಕಟ್ಟಿಕೊಂಡ ಗಾಡಿಗಳಿಗೆ ಈ ಇಲಿಯ ಹೆಸರು ಬಂತು.

ನಾನು ಅಲ್ಲಿಗೆ ಹೋಗುವಂತಾದದ್ದು ತಮ್ಮನ ಮಗನಿಂದ. ಹೈಸ್ಕೂಲಿನಲ್ಲಿರುವ ಈ ಹುಡುಗ ಶಾಲೆ ಮುಗಿದೊಡನೆ ಆ ಗ್ಯಾರೇಜು ಸೇರುತ್ತಿದ್ದ. ಗಣಿತದಲ್ಲಿ ಅಂಕಗಳು ಇಳಿದಿದ್ದವು. ಕಂಪ್ಯೂಟರ್ ಎಂಜಿನಿಯರ್ ಆಗಿರುವ ತಮ್ಮನಿಗೆ ಇದು ನುಂಗಲಾರದ ತುತ್ತು. ‘ಅಣ್ಣ, ನಾವು ಊರು ಬಿಟ್ಟು ಇಷ್ಟು ದೂರ ಬಂದದ್ದು ಮಗ ಗುಜರಿ ಕೆಲಸ ಮಾಡಲಿ ಅಂತಲಾ? ನನ್ನ ಮಾತು ಅವನು ಕೇಳೋದಿಲ್ಲ. ನೀನು ಮೇಷ್ಟ್ರು, ನೀನಾದರೂ ಹೇಳು’ ಎಂದ. ಅಪ್ಪ ಮಗ ಊಟದ ಮೇಜಿನಲ್ಲಿ ಮಾತು ಬಿಟ್ಟು ಕೆಲವು ವಾರಗಳೇ ಆಗಿದ್ದವಂತೆ. ಬುದ್ಧಿ ಹೇಳುವ ಮುನ್ನ ಹುಡುಗ ಮಾಡುತ್ತಿರುವುದೇನೆಂದು ನೋಡೋಣವೆಂದು ಹೊರಟೆ.

ಚಾಸಿ ಎಂದರೆ ವಾಹನದ ಬೆನ್ನೆಲುಬು. ಎರಡು ಉದ್ದನೆಯ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ನೋಡಲು ನೆಲಕ್ಕೆ ಮಲಗಿಸಿದ ಏಣಿಯಂತೆ. ಇವರು ಬಳಸಿದ್ದು 4 ಇಂಚು ಎತ್ತರ, 2 ಇಂಚು ಅಗಲದ ಟೊಳ್ಳು ಕೊಳವೆ. ಅದನ್ನು ಅಡ್ಡ ಮಲಗಿಸದೆ ನಿಲ್ಲಿಸಿಯೇ ಏಕಿಡಬೇಕು? ನಿಮ್ಮ ಪ್ಲಾಸ್ಟಿಕ್ ಸ್ಕೇಲನ್ನು ಮಲಗಿಸಿ ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಲು ನೋಡಿ; ಉತ್ತರ ಸಿಗುತ್ತದೆ. ಎಂಟನೇ ಒಂದು ಇಂಚು ದಪ್ಪದ ಗೋಡೆಯಿರುವ ಈ ಕೊಳವೆಯನ್ನು ನಿಲ್ಲಿಸಿದರೆ, ಮಲಗಿಸಿದಾಗಿನ ಮೂರರಷ್ಟು ಗಡಸು.

ಬೆಸುಗೆಗೆ ಮುನ್ನ ಏಣಿ ಸರಿಯಾದ ಆಯತವಾಗಿರಬೇಕು. ಅದಕ್ಕೆ ಎರಡು ಕರ್ಣಗಳನ್ನು ಅಳೆಯುತ್ತಾರೆ. ಹತ್ತು ಅಡಿ ಉದ್ದ, ಎರಡೂವರೆ ಅಡಿ ಅಗಲದ ಚೌಕಟ್ಟಿನಲ್ಲಿ ಒಂದು ತೊಲೆ ಅರ್ಧ ಇಂಚು ಮುಂದೆ ಸರಿದಿದ್ದರೆ ಕರ್ಣಗಳ ನಡುವೆ ಸುಮಾರು ಒಂದು ಇಂಚು ವ್ಯತ್ಯಾಸ ಬರುತ್ತದೆ. ತಪ್ಪು ತಾನೇ ಎರಡರಷ್ಟಾಗಿ ಕಾಣಿಸಿಕೊಳ್ಳುತ್ತದೆ! ಪೈಥಾಗೊರಸನ ಪ್ರಮೇಯವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಕಂಡ ನನಗೆ ಅದನ್ನು ಉಕ್ಕಿನಲ್ಲಿ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಬೆಸುಗೆಯೂ ಹಾಗೆಯೇ. ಕಾಯ್ದ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗಿ ಎಳೆಯುತ್ತದೆ. ಒಂದೇ ಕಡೆ ಸತತವಾಗಿ ಬೆಸೆದರೆ ಚೌಕಟ್ಟೇ ಸೊಟ್ಟಗಾಗುತ್ತದೆ. ಆದ್ದರಿಂದ ಮೊದಲು ಎಲ್ಲ ಮೂಲೆಗಳಲ್ಲೂ ಚುಕ್ಕೆ ಚುಕ್ಕೆಯಾಗಿ ಅಂಟಿಸಿ, ಮತ್ತೆ ಅಳೆದು, ನಂತರ ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಬೆಸೆಯುತ್ತಾ ಹೋಗುತ್ತಾರೆ.

ರುಚಿ ಇರುವುದು ಸಸ್ಪೆನ್ಷನ್ನಿನಲ್ಲಿ. ಮುಂದಿನ ಅಚ್ಚಿಗೆ ಅಡ್ಡಲಾಗಿ ಒಂದೇ ಒಂದು ಲೀಫ್ ಸ್ಪ್ರಿಂಗು. ನಮ್ಮ ಲಾರಿ ಮೆಕ್ಯಾನಿಕ್ಕುಗಳ ಮಾತಿನಲ್ಲಿ ಕಮಾನ್ ಪಟ್ಟಿ. ನಮ್ಮ ಲಾರಿಗಳಲ್ಲಿ ಅದು ಉದ್ದಕ್ಕೆ, ಚಕ್ರಕ್ಕೊಂದರಂತೆ ಇರುತ್ತದೆ. ಫೋರ್ಡ್ ಕಾರುಗಳಲ್ಲಿ ಮಾತ್ರ 1948ರವರೆಗೂ ಅಚ್ಚಿಗೊಂದರಂತೆ ಅಡ್ಡ ಸ್ಪ್ರಿಂಗೇ ಇತ್ತು. ಎಳೆದಷ್ಟೂ ಬಲ ಎಂಬ ಹುಕ್‌ನ ನಿಯಮ ಎಲ್ಲರಿಗೂ ಗೊತ್ತು. ಟ್ರಕ್ಕಿನ ಭಾರ ಕೂತಾಗ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಗ್ಗಿತೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಗಾಡಿ ಸೆಕೆಂಡಿಗೆ ಎಷ್ಟು ಬಾರಿ ಕುಲುಕುತ್ತದೆಂಬುದು ಹೆಚ್ಚುಕಡಿಮೆ ಸಿಗುತ್ತದೆ. 10 ಸೆಂ.ಮೀ. ಕುಗ್ಗಿದರೆ ಒಂದೂವರೆ ಬಾರಿ, ಅದು ಹಿತ. 2.5 ಸೆಂ.ಮೀ. ಮಾತ್ರ ಕುಗ್ಗಿದರೆ ಮೂರು ಬಾರಿ, ಅದು ಸೊಂಟಕ್ಕೆ ಪೆಟ್ಟು. ಆ ಕುಲುಕಾಟದ ಶಕ್ತಿಯನ್ನು ಶಾಖವಾಗಿಸಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದಿಲ್ಲದಿದ್ದರೆ ಹಳ್ಳ ದಾಟಿದ ಮೇಲೂ ಗಾಡಿ ದೋಣಿಯಂತೆ ತೂಗುತ್ತಲೇ ಇರುತ್ತದೆ.

ಹುಡುಗನಿಗೆ ಟ್ರಕ್ಕು ಇನ್ನೂ ತಗ್ಗಾಗಿರಬೇಕೆಂಬ ಆಸೆ. ಹಿರಿಯರು ಬೇಡವೆನ್ನಲಿಲ್ಲ, ‘ಲೆಕ್ಕ ಮಾಡಿ ತೋರಿಸು’ ಎಂದರು, ಅಷ್ಟೆ. ತಗ್ಗಿಸಿದರೆ ಸ್ಪ್ರಿಂಗು ಆಡಲು ಜಾಗ ಕಡಿಮೆ. ಅಚ್ಚು ಚಾಸಿಗೆ ಬಡಿಯುತ್ತದೆ. ಆಗ ಹಿಂಬದಿ ತೊಲೆಯನ್ನು ಕತ್ತರಿಸಿ ಮೆಟ್ಟಿಲಿನಂತೆ ಮೇಲೆತ್ತಬೇಕು. ಜೊತೆಗೆ ಟೈರು ಪಂಕ್ಚರಾಗಿ ರಿಮ್ಮಿನ ಮೇಲೆ ನಿಂತರೂ ಗಾಡಿಯ ಯಾವ ಭಾಗವೂ ರಸ್ತೆಗೆ ತಾಗಬಾರದು. ಇದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಮೂರು ರಾತ್ರಿ ಕೂತು ಹುಡುಗ ಲೆಕ್ಕ ಹಾಕಿದ. ‘ದೊಡ್ಡಪ್ಪ, ಇಲ್ಲಿ ವರ್ಗಮೂಲ ಯಾಕೆ ಬರುತ್ತೆ?’ ಎಂದು ನನ್ನನ್ನು ಹಿಡಿದು ಕೂರಿಸಿದ. ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ತಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ‘ಸರಿ, ಆದರೆ ಅಂಕ?’ ಎಂದ. ಅವನ ಚಿಂತೆಯೂ ಸುಳ್ಳಲ್ಲ. ಕಾಲೇಜಿನ ಬಾಗಿಲಲ್ಲಿ ಕರ್ಣ ಅಳೆದದ್ದನ್ನು ಯಾರೂ ಕೇಳುವುದಿಲ್ಲ. ಒಂದು ಶನಿವಾರ ಹಿರಿಯರಿಗೆ ಜ್ವರ. ನಾನು ಪೇಟೆಗೆ ಹೋಗಿದ್ದೆ. ಕರ್ಣ ಅಳೆಯಲು ಟೇಪಿನ ಇನ್ನೊಂದು ತುದಿಯನ್ನು ಯಾರಾದರೂ ಹಿಡಿಯಲೇಬೇಕು. ಬೇರೆ ದಾರಿ ಕಾಣದೆ ಹುಡುಗ ಅಪ್ಪನನ್ನು ಕರೆದ. ನಾನು ಮರಳಿದಾಗ ತಮ್ಮ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಮೊಣಕಾಲೂರಿದ್ದ. ‘ಎಂಟನೇ ಒಂದು ಇಂಚು ಹೆಚ್ಚು ಬರ್ತಿದೆ ಕಣೋ, ಇನ್ನೊಂದು ಸಲ ನೋಡು’ ಎನ್ನುತ್ತಿದ್ದ. ಅಂದಿನಿಂದ ಊಟದ ಮೇಜಿನಲ್ಲಿ ಮಾತು ಶುರುವಾಯಿತು. ವಾರಕ್ಕೆ ಎರಡು ದಿನ ಗ್ಯಾರೇಜು, ಉಳಿದ ದಿನ ಪುಸ್ತಕವೆಂದು ಒಪ್ಪಂದವಾಯಿತು. ಅಂಕಗಳು ರಾತ್ರೋರಾತ್ರಿ ಏರಲಿಲ್ಲ. ಮುಂದೆ ಎಂಜಿನಿಯರಿಂಗೋ ಬೆಸುಗೆಯೋ ಎಂಬುದೂ ಆಗ ತೀರ್ಮಾನವಾಗಲಿಲ್ಲ.

ಪಾಲಕರಿಗೆ ಒಂದು ಎಚ್ಚರಿಕೆ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಕಟ್ಟಿದ ವಾಹನಗಳ ನೋಂದಣಿಗೆ ಪ್ರತ್ಯೇಕ ವರ್ಗವೇ ಇದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಹಾಗೆಂದು ದಾರಿ ಮುಚ್ಚಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂಟಿ ಸೀಟಿನ ಗಾಡಿಯನ್ನು ತಾವೇ ಕಟ್ಟಿ ಕಲ್ಲುಮುಳ್ಳಿನ ದಾರಿಯಲ್ಲಿ ಓಡಿಸುವ ‘ಬಾಹಾ’ ಸ್ಪರ್ಧೆ ಅಮೆರಿಕದಲ್ಲಿ 1976ರಲ್ಲಿ ಹುಟ್ಟಿ, 2007ರಲ್ಲಿ ನಮ್ಮ ದೇಶಕ್ಕೂ ಬಂತು. ಐಟಿಐಗಳಲ್ಲಿ ವೆಲ್ಡಿಂಗ್, ಫಿಟ್ಟಿಂಗ್ ಕಲಿಯುವ ಮಕ್ಕಳು ಇದೇ ಭೌತಶಾಸ್ತ್ರವನ್ನು ಕೈಯಾರೆ ಮಾಡುತ್ತಿದ್ದಾರೆ. ಅವರನ್ನು ‘ಓದಿನಲ್ಲಿ ಹಿಂದೆ’ ಎಂದು ನೋಡುವ ನಮ್ಮ ಕಣ್ಣು ಮಾತ್ರ ಬದಲಾಗಬೇಕಿದೆ.

ನಿಮ್ಮ ಮಗನೋ ಮಗಳೋ ಸೈಕಲ್ಲನ್ನು ಬಿಚ್ಚಿ ಹಾಕಿ ಕೂತಿದ್ದರೆ ಕೂಡಲೇ ಗದರಬೇಡಿ. ಅಳತೆ ಹಿಡಿಯಲು ಇನ್ನೊಬ್ಬರು ಬೇಕೇನೋ, ಕೇಳಿ ನೋಡಿ.