ರೂಪವೂ ಮತವೂ

ಅಂಜನಾಪುರದ ಜಲಾಶಯದ ಏರಿಯ ಮೇಲೆ, ಸಂಜೆಯ ತಂಗಾಳಿಗೆಂದು ಬಂದ ನಿವೃತ್ತ ಉಪಾಧ್ಯಾಯರಿಬ್ಬರು ಚುನಾವಣೆಯ ಮಾತಿಗೆ ತೊಡಗಿದ್ದರು. ಪಂಚಾಯಿತಿಗೆ ನಿಂತ ಹೆಣ್ಣುಮಗಳೊಬ್ಬಳ ಕರಪತ್ರ ಹಿರಿಯರ ಕೈಯಲ್ಲಿತ್ತು. "ಮುಖದಲ್ಲಿ ಕಳೆಯಿಲ್ಲ ಮೇಷ್ಟ್ರೇ, ಈಕೆಗೆ ಮತ ಬೀಳುವುದು ಕಷ್ಟ" ಎಂದರು. ಪಕ್ಕದ ವಾರ್ಡಿನ ಗಂಡಸು ಅಭ್ಯರ್ಥಿಯ ಬೋಳುತಲೆಯ ಪ್ರಸ್ತಾಪ ಮಾತ್ರ ಬರಲಿಲ್ಲ.

ಈ ಮಾತು ಆ ನೆಲಕ್ಕೆ ಹೊಸತೇನೂ ಅಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿ 12ನೆಯ ಶತಮಾನದ ಅಕ್ಕಮಹಾದೇವಿಯ ಹುಟ್ಟೂರು. ಅವಳ ಚೆಲುವಿಗೆ ಕೌಶಿಕರಾಜ ಸೋತ ಕಥೆಯನ್ನು ಹರಿಹರ ಬಣ್ಣಿಸಿದ್ದಾನೆ. ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದವಳನ್ನು, ಬಳ್ಳಿಗಾವೆಯ ಅಲ್ಲಮಪ್ರಭು ಮೈಮುಚ್ಚಿದ ಕೂದಲನ್ನು ಕುರಿತೇ ಕೆಣಕಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಅವಳು ಗೆದ್ದದ್ದು ಮಾತಿನಿಂದ. ಆದರೂ ಅನುಭಾವಿಗಳ ಸಭೆಯಲ್ಲಿಯೇ ಹೆಣ್ಣು ಮೊದಲು ತನ್ನ ಮೈಗೆ ಸಮಜಾಯಿಷಿ ಕೊಡಬೇಕಾಯಿತಲ್ಲ!

ಹಾಗಾದರೆ ಚೆಲುವು ಮತ ತರುವುದೆ? ಮಂಡ್ಯವನ್ನು ನೋಡಬಹುದು. ಚಿತ್ರನಟಿ ರಮ್ಯಾ 2013ರ ಲೋಕಸಭಾ ಉಪಚುನಾವಣೆಯಲ್ಲಿ ಗೆದ್ದರು, ಮರುವರ್ಷವೇ ಸೋತರು. ಒಂದೇ ವರ್ಷದಲ್ಲಿ ರೂಪ ಮಾಸಿರಲಿಲ್ಲ. ರಾಜಕೀಯದ ಗಾಳಿ ತಿರುಗಿತ್ತು. 2019ರಲ್ಲಿ ಅಲ್ಲಿಯೇ ಪಕ್ಷೇತರರಾಗಿ ಗೆದ್ದ ಸುಮಲತಾ ಅವರ ಬೆನ್ನಿಗೆ, ಹಿಂದಿನ ವರ್ಷವಷ್ಟೇ ತೀರಿಕೊಂಡ ಪತಿ ಅಂಬರೀಶ್ ಅವರ ನೆನಪಿತ್ತು. ಇತ್ತ ಶಿವಮೊಗ್ಗದಲ್ಲಿ ತಂದೆ ಬಂಗಾರಪ್ಪನವರ ಹೆಸರು, ಪತಿ ಶಿವರಾಜ್‌ಕುಮಾರ್ ಅವರ ಖ್ಯಾತಿ ಎರಡೂ ಇದ್ದ ಗೀತಾ ಅವರು 2014ರಲ್ಲಿಯೂ 2024ರಲ್ಲಿಯೂ ಸೋತರು. ಪರಿಚಿತ ಮುಖ ಬಾಗಿಲು ತೆರೆಸೀತು. ಒಳಗೆ ಕೂಡಿಸುವ ಶಕ್ತಿ ಅದಕ್ಕಿಲ್ಲ. ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರನ್ನು ಜನ ಏಳು ಬಾರಿ ಆರಿಸಿದರು. 1972ರಲ್ಲಿ ಅವರು ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷರಾದರು. ಅದು ಭಾವಚಿತ್ರದ ಗೆಲುವಲ್ಲ.

ಮುಖ ನೋಡಿ ಮಣೆ ಹಾಕುವ ಚಾಳಿ ನಮ್ಮ ದೇಶಕ್ಕೆ ಮೀಸಲೂ ಅಲ್ಲ. ಅಮೆರಿಕದ ಸೆನೆಟ್ ಅಭ್ಯರ್ಥಿಗಳ ಭಾವಚಿತ್ರಗಳನ್ನಷ್ಟೇ ತೋರಿಸಿ ಸಮರ್ಥರಾರೆಂದು ಕೇಳಿದಾಗ, ಆ ಉತ್ತರ ಸುಮಾರು ನೂರಕ್ಕೆ 70 ಸ್ಪರ್ಧೆಗಳಲ್ಲಿ ಗೆದ್ದವರ ಕಡೆಗೇ ಇತ್ತೆಂದು 2005ರ ಒಂದು ಅಧ್ಯಯನ ತೋರಿಸಿತು. ಅಲ್ಲಿ ಕೇಳಿದ್ದು ಚೆಲುವನ್ನಲ್ಲ, ಸಾಮರ್ಥ್ಯವನ್ನು. ಹೆಣ್ಣಿನ ಮುಖದಲ್ಲಿ ಸಾಮರ್ಥ್ಯವನ್ನು ಹುಡುಕುವ ಅಭ್ಯಾಸ ನಮಗಿನ್ನೂ ಆಗಿಲ್ಲ.

2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಆರಿಸಿಬಂದ ಮಹಿಳೆಯರು 10 ಮಂದಿ. ಅರ್ಧದಷ್ಟು ಸ್ಥಾನ ಮೀಸಲಾದ ಪಂಚಾಯಿತಿಗಳಲ್ಲಾದರೋ, ಗದ್ದೆ ಕೆಲಸ ಮಾಡಿ ಬಿಸಿಲಿಗೆ ಕಂದಿದ ಮುಖಗಳೂ ಅಧ್ಯಕ್ಷಪೀಠವನ್ನು ಏರಿವೆ.

ಏರಿಯ ಮೇಲೆ ಕತ್ತಲೆ ಇಳಿಯುತ್ತಿತ್ತು. "ಕಳೆದ ಬೇಸಗೆಯಲ್ಲಿ ನಿಮ್ಮ ಬೀದಿಯ ಬೋರಿಂಗ್ ರಿಪೇರಿ ಮಾಡಿಸಿದವರು ಯಾರು?" ಎಂದು ಕಿರಿಯರು ಮೆಲ್ಲನೆ ಕೇಳಿದರು.

"ಈಕೆಯೇ" ಎಂದರು ಹಿರಿಯರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕನ್ನಡಕವನ್ನು ಒರೆಸಿಕೊಂಡರು. ಮಡಿಸಿದ ಕರಪತ್ರವನ್ನು ಮತ್ತೆ ಬಿಚ್ಚಿ, ಈ ಸಲ ಚಿತ್ರದ ಕೆಳಗಿನ ಬರಹವನ್ನು ಓದತೊಡಗಿದರು.